ಬೆನ್ನ ಹಿಂದಿನ ಕೆರೆ

೧

ಮಂಜಿನಿಂದ ಶುರು ಮಾಡಲೇ? ಬೇಡ. ಮಂಜು ಎಂದ ಕೂಡಲೇ ನೀವು ಪುಟ ತಿರುಗಿಸುತ್ತೀರಿ, ನಿಮ್ಮನ್ನು ನಾನು ಬಲ್ಲೆ. ಹಾಗಾದರೆ ಅಲಾರಂನಿಂದ? ಅದೂ ಹಳಸಲು. ಕಥೆ ಹೊಳೆಯದವರೆಲ್ಲ ಮೊದಲು ನಾಯಕನನ್ನು ನಿದ್ದೆಯಿಂದ ಎಬ್ಬಿಸುತ್ತಾರೆ. ಆದರೆ ಏನು ಮಾಡಲಿ, ನನ್ನ ನಾಯಕ ನಿಸರ್ಗದ ಫೋಟೋ ತೆಗೆಯುವವನು. ಅವನ ಬದುಕಿನಲ್ಲಿ ಇರುವುದೇ ಅಲಾರಂ ಮತ್ತು ಮಂಜು. (ಹೆಂಡತಿಯೂ ಇದ್ದಾಳೆ. ಟೈಲರ್. ಅವಳನ್ನು ಮರೆತದ್ದಕ್ಕೆ ಮುಂದೆ ನನಗೆ ಚೆನ್ನಾಗಿಯೇ ಬಿಸಿ ಮುಟ್ಟಿಸುತ್ತಾಳೆ.)

ಸರಿ, ಬರೆದೇ ಬಿಡುತ್ತೇನೆ. ಆ ದಿನ ಅಲಾರಂ ಹೊಡೆಯಲಿಲ್ಲ. ಅವನು ಇಟ್ಟಿರಲಿಲ್ಲ. ಕ್ಯಾಮೆರಾ ಬ್ಯಾಗು ಬಾಗಿಲ ಹಿಂದೆ ಛತ್ರಿಗಳ ಜೊತೆ ನಿಂತಿತ್ತು. ಊರಾಚೆಯ ಕೆರೆಯ ಮೇಲೆ ಮಂಜು ತನ್ನ ಪಾಡಿಗೆ ಎದ್ದು, ತನ್ನ ಪಾಡಿಗೆ ಹೋಯಿತು.

೨

ಯಾಕೆ ಇಡಲಿಲ್ಲ ಎಂದು ಹೇಳಬೇಕಲ್ಲ. ಅವನ ಕೆರೆಯ ಚಿತ್ರಗಳಿಗೆ ಎಲ್ಲರೂ ವಾವ್ ಎನ್ನುತ್ತಿದ್ದರು, ಕೊಳ್ಳುವವರು ಮಾತ್ರ ಒಬ್ಬರೂ ಇರಲಿಲ್ಲ. ಮನೆ ನಡೆಯುತ್ತಿದ್ದದ್ದು ಹೆಂಡತಿಯ ಹೊಲಿಗೆ ಮಷೀನಿನಿಂದ. ಸ್ಟುಡಿಯೋ ಇಟ್ಟಿದ್ದ ಭಾವ, ಅಂದರೆ ಅಕ್ಕನ ಗಂಡ, ಕನಿಕರಪಟ್ಟು ಒಂದು ಕೆಲಸ ಕೊಟ್ಟ: ಮದುವೆಯಾಗಲಿರುವ ಜೋಡಿಯನ್ನು ಕೆರೆಯ ದಂಡೆಯಲ್ಲಿ ನಿಲ್ಲಿಸಿ ಫೋಟೋ ತೆಗೆಯುವುದು. ಜೋಡಿ ನಿಂತಿತು, ನಕ್ಕಿತು. ಅಷ್ಟರಲ್ಲಿ ಅವರ ಹಿಂದೆ ಮಂಜು ಸರಿದು ಆಚೆ ದಡ ಬೆಳಗಿತು. ಇವನ ಬೆರಳು, ವರ್ಷಗಳ ಅಭ್ಯಾಸ ನೋಡಿ, ಫೋಕಸ್ಸನ್ನು ಅಲ್ಲಿಗೆ ತಿರುಗಿಸಿತು. ಪ್ರತಿ ಚಿತ್ರದಲ್ಲೂ ಆಚೆ ದಡದ ಹುಲ್ಲುಕಡ್ಡಿಗಳು ಸ್ಪಷ್ಟ, ಮದುಮಕ್ಕಳು ಮಾತ್ರ ಮಬ್ಬು.

"ಸೋಮವಾರದಿಂದ ಸ್ಟುಡಿಯೋ ಒಳಗೇ ಕೆಲಸ ಮಾಡು ಕಣೋ," ಎಂದ ಭಾವ. "ಹಿಂದೆ ಬರೀ ಗೋಡೆ ಇರತ್ತೆ. ಅದನ್ನ ಹ್ಯಾಗೆ ಫೋಕಸ್ ಮಾಡ್ತೀಯೋ ನೋಡೇ ಬಿಡ್ತೀನಿ."

೨ (ಇನ್ನೊಮ್ಮೆ)

ಮಬ್ಬು ಚಿತ್ರ ನೋಡಿ ಮದುಮಗಳು ಕಣ್ತುಂಬಿಕೊಂಡು "ಇದಲ್ವಾ ಕಲೆ!" ಎಂದಳು ಎಂದೂ ಬರೆದಿದ್ದೆ. ಹರಿದು ಹಾಕಿದೆ. ಯಾವ ಮದುಮಗಳೂ ಹಾಗೆ ಹೇಳುವುದಿಲ್ಲ.

೩

ನನ್ನ ಪ್ಲಾನ್ ಪ್ರಕಾರ ಅವನು ಛಲ ಬಿಡದೆ ಮರುದಿನ ಎದ್ದು ಕೆರೆಗೆ ಹೊರಡಬೇಕು. ಏಳಲಿಲ್ಲ. ಮೋಟಿವೇಶನ್ ವಿಡಿಯೋ ಹಾಕಿದೆ, ಗೊರಕೆ ಹೊಡೆದ. ಅಲುಗಾಡಿಸಿದೆ.

"ಏಳಯ್ಯಾ, ಕಥೆ ಮುಂದೆ ಹೋಗ್ಬೇಕು."

"ಆ ಚಳೀಲಿ ನೀವೇ ಹೋಗಿ ಸಾರ್," ಎಂದು ಹೊದಿಕೆ ಎಳೆದುಕೊಂಡ. "ನನ್ನ ಚಿತ್ರ ಯಾರಿಗೂ ಬೇಡ. ಅದಿರ್ಲಿ, ನಿಮ್ಮ ಕಥೆ ಯಾರು ಓದ್ತಾರೆ?"

(ನೀವು ಓದುತ್ತೀರಿ ಎನ್ನಬಹುದಿತ್ತು. ಇಲ್ಲಿಯತನಕ ಬರುತ್ತೀರೆಂಬ ನಂಬಿಕೆ ಆಗ ನನಗಿರಲಿಲ್ಲ.) ಅವನ ಮೇಲೆ ಸಿಟ್ಟು ಬಂತು. ಅವನು ಬಿಟ್ಟರೆ ನಾನೂ ಬಿಟ್ಟುಬಿಡುತ್ತೇನೇನೋ ಎಂದು ಭಯವೂ ಆಯಿತು.

ಹೊಲಿಗೆ ಮಷೀನಿನ ಸದ್ದು ನಿಂತಿತು.

"ಅವ್ರನ್ನ ಯಾಕೆ ಗೋಳು ಹುಯ್ಕೋತೀರಿ?" ಎಂದಳು ಹೆಂಡತಿ. "ನಾನು ನೋಡ್ಕೋತೀನಿ. ನೀವು ಸ್ವಲ್ಪ ಆಚೆ ಹೋಗಿ, ನನ್ನ ಬೆಳಕಿಗೆ ಅಡ್ಡ ನಿಂತಿದ್ದೀರ."

೪

ಆಚೆ ಹೋದೆ. ಎಲ್ಲಿಗೆ ಅಂತ ಹೋಗಲಿ, ಕೆರೆಗೇ ಹೋದೆ. ಅವನು ದಿನಾ ಕೂರುತ್ತಿದ್ದ ಕಲ್ಲಿನ ಮೇಲೆ ಕೂತೆ. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು, ತಿಳಿಯಲಿಲ್ಲ. ನನ್ನ ಕೈ ನನಗೇ ಕಾಣಲಿಲ್ಲ. ಯಾವುದೋ ಹಕ್ಕಿ ಒಮ್ಮೆ ಕೂಗಿ ಸುಮ್ಮನಾಯಿತು. ಕಥೆಗೆ ಇದರಿಂದ ಮೂರು ಕಾಸಿನ ಪ್ರಯೋಜನವಿರಲಿಲ್ಲ. ಆದರೂ ಎದ್ದು ಬರಲು ಮನಸ್ಸಾಗಲಿಲ್ಲ.

(ನಾನಿಲ್ಲದಾಗ ಅವಳು ಏನು ಮಾಡಿದಳು ಎಂಬುದನ್ನು ಹೀಗೆ ತಪ್ಪಿಸಿಕೊಂಡೆ. ಕಥೆಗಾರ ಅಂತೆ!)

೫

ಸೋಮವಾರ. ಸ್ಟುಡಿಯೋದಲ್ಲಿ ಒಂದು ಸ್ಟೂಲು, ದೀಪಗಳು, ದಾರದಲ್ಲಿ ಬಾಚಣಿಗೆ ಕಟ್ಟಿದ ಕನ್ನಡಿ. ಗೋಡೆ ಇರಬೇಕಾದ ಕಡೆ ಕೆರೆಯಿತ್ತು. ಅವನದೇ ಚಿತ್ರ. ಮಂಜು ತುಂಬಿ, ಆಚೆ ದಡ ಇನ್ನೂ ಕಾಣದ ಕೆರೆ ಬಟ್ಟೆಯ ಮೇಲೆ ಗೋಡೆಯಗಲ ಪ್ರಿಂಟಾಗಿ ನೇತಾಡುತ್ತಿತ್ತು. ಅಂಚಿನ ಹೊಲಿಗೆ ಯಾರದೆಂದು ಅವನಿಗೆ ತಕ್ಷಣ ಗೊತ್ತಾಯಿತು.

"ನಿನ್ನ ಹೆಂಡ್ತೀನೇ ತಂದು ಹಾಕಿದ್ದು," ಎಂದ ಭಾವ. "ಜನ ಕೊಂಡ್ಕೊಂಡು ನೋಡಲ್ಲ ಅಂದ್ರೆ ಕೂತ್ಕೊಂಡಾದ್ರೂ ನೋಡ್ಲಿ ಅಂದ್ಲು. ಬೇಡ ಅನ್ನೋಕೆ ನಂಗೆ ಧೈರ್ಯ ಬರ್ಲಿಲ್ಲಪ್ಪ."

ಅವನಿಗೆ ಖುಷಿಯಾಗಲಿಲ್ಲ. ಅವಮಾನವಾಯಿತು. ಅಷ್ಟೊಂದು ಬೆಳಗುಗಳನ್ನು ಕೊಟ್ಟು ಪಡೆದ ಕೆರೆ ಈಗ ಕಂಡವರ ಬೆನ್ನ ಹಿಂದಿನ ಪರದೆ! ಇನ್ನು ಮೇಲೆ ಮುಖಗಳು ಸ್ಪಷ್ಟ, ಕೆರೆ ಮಬ್ಬು.

ಮೊದಲ ಗಿರಾಕಿ ಒಬ್ಬಳು ಅಜ್ಜಿ. ಕೂದಲು ಬಾಚಿಕೊಂಡಳು, ಸ್ಟೂಲಿನ ಮೇಲೆ ಕೂತಳು. ಆಮೇಲೆ ಪೂರ್ತಿ ತಿರುಗಿ, ಕ್ಯಾಮೆರಾಕ್ಕೆ ಬೆನ್ನು ಹಾಕಿ, ಕೆರೆಯನ್ನೇ ನೋಡತೊಡಗಿದಳು.

"ಅಜ್ಜೀ, ಈ ಕಡೆ ನೋಡಿ."

"ಇರಪ್ಪಾ," ಎಂದಳು ಅಜ್ಜಿ, ತಿರುಗದೆಯೇ. "ಮಂಜು ಕರಗ್ಲಿ."

ಅವನು ಕ್ಯಾಮೆರಾ ಕೆಳಗಿಳಿಸಿದ. ಎಷ್ಟೋ ದಿನಗಳ ಮೇಲೆ ಅವನ ಎದೆ ಹಗುರವಾದದ್ದು ನನಗೆ ಇಲ್ಲಿಂದಲೇ ಕಂಡಿತು. ಆತುರಪಡಿಸಲಿಲ್ಲ. ಕಾಯುವುದು ಅವನಿಗೆ ಬರುತ್ತದೆ.

ಕೊನೆ (ಬೇಕೆಂದವರಿಗೆ)

ನಾಳೆ ಅವನು ಕೆರೆಗೆ ಹೋಗುತ್ತಾನೋ ಇಲ್ಲವೋ? ಅಲಾರಂ ಇಟ್ಟ ಎಂದು ಬರೆದು ನೋಡಿದೆ, ನೀತಿಕಥೆಯಾಯಿತು. ಇಡಲಿಲ್ಲ, ಬೆಚ್ಚಗೆ ಮಲಗಿದ ಎಂದು ಬರೆದೆ, ನನಗೇ ಅಳು ಬಂತು. ಅವನ ಹೆಂಡತಿಯನ್ನು ಕೇಳಿದೆ. "ಬರೆಯೋರು ನೀವಲ್ವಾ, ನನ್ನ ಕೇಳ್ತೀರಲ್ಲ," ಎಂದು ಸೂಜಿಗೆ ದಾರ ಪೋಣಿಸಿದಳು.

ಹಾಗಾಗಿ ಎಲ್ಲರೂ ಸ್ಟುಡಿಯೋದಲ್ಲೇ ಇದ್ದೇವೆ. ಭಾವ ಗಡಿಯಾರ ನೋಡಿ ಗೊಣಗುತ್ತಿದ್ದಾನೆ. ಅಜ್ಜಿ ಇನ್ನೂ ತಿರುಗಿಲ್ಲ. ಅವನೂ ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಿದ್ದಾನೆ. ಬಟ್ಟೆಯ ಎಡಗಡೆ, ಹೊಲಿಗೆಯ ಹತ್ತಿರ, ಮಂಜು ಒಂಚೂರು ಸರಿದ ಹಾಗಿದೆ. ದಯವಿಟ್ಟು ಇನ್ನೂ ಪುಟ ತಿರುಗಿಸಬೇಡಿ.