ಕುರಿ ನಿಲ್ಲುವ ತಿರುವು

ಕುರಿಗೆ ಭಯವಾಗಬಾರದು ಎಂಬ ವಿಷಯದಲ್ಲಿ ಕಸಾಯಿಖಾನೆಯ ಹೊಸ ಡಾಕ್ಟರು ಒಂದೂವರೆ ಗಂಟೆ ಭಾಷಣ ಮಾಡಬಲ್ಲವರು. ಬಂದ ತಿಂಗಳಲ್ಲೇ ಎರಡು ಸಲ ಮಾಡಿಯೂ ಇದ್ದರು. ಚಾಕುವನ್ನು ಬಿಸಿನೀರಲ್ಲಿ ಅದ್ದಬೇಕು, ನೆಲದಲ್ಲಿ ರಕ್ತ ನಿಲ್ಲಬಾರದು, ಕರೆಂಟು ಕೊಟ್ಟು ಪ್ರಜ್ಞೆ ತಪ್ಪಿಸದೆ ಯಾವ ಕುರಿಯ ಕುತ್ತಿಗೆಗೂ ಚಾಕು ಸೋಕಬಾರದು. ಕೆಲಸದವರು ಇದನ್ನೆಲ್ಲ ಮೊದಲಿನಿಂದಲೂ ಮಾಡುತ್ತಿದ್ದರು ಎಂಬುದು ಭಾಷಣಕ್ಕೇನೂ ಅಡ್ಡಿಯಾಗಲಿಲ್ಲ.

ತಪ್ಪು ಹುಡುಕಲೇಬೇಕಲ್ಲ, ಕಣ್ಣು ಅಜ್ಜನ ಮೇಲೆ ಬಿತ್ತು. ದೊಡ್ಡಿಯಿಂದ ಓಣಿಯಲ್ಲಿ ಕುರಿಗಳನ್ನು ಒಳಕ್ಕೆ ನಡೆಸುವುದು ಅಜ್ಜನ ಕೆಲಸ. ಎರಡು ತಪಾಸಣೆಯಲ್ಲೂ ಕುರಿಗಳು ತಿರುವಿನಲ್ಲಿ ಗಕ್ಕನೆ ನಿಂತು, ಹಿಂದೆ ಸರಿದು, ಒಂದರ ಮೇಲೊಂದು ಹತ್ತಿದ್ದವು. ವರದಿಯಲ್ಲಿ ಕಾರಣದ ಜಾಗದಲ್ಲಿ ಡಾಕ್ಟರು ಎರಡು ಸಲವೂ ‘ನಡೆಸುವವನ ಒರಟುತನ’ ಎಂದು ಬರೆದಿದ್ದರು. ಮೂರನೆಯ ಸಲ ಹಾಗೇ ಬರೆದರೆ ಅಜ್ಜನಿಗೆ ಕೆಲಸವಿಲ್ಲ. ಮನೆಯಲ್ಲಿ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ, ದುಡಿಯುವ ಜೀವ ಇದೊಂದೇ.

ಮೂರನೆಯ ತಪಾಸಣೆಯ ದಿನ ಡಾಕ್ಟರು ಎಂದಿನಂತೆ ತಿರುವಿನಾಚೆ, ಓಣಿಯ ಮೋಟುಗೋಡೆಯ ಹಿಂದೆ, ಕುರಿಗಳಿಗೆ ಎದುರಾಗಿ ನಿಂತರು. ಗರಿಗರಿ ಇಸ್ತ್ರಿಯ ಬಿಳಿ ಕೋಟು ಫ್ಯಾನಿನ ಗಾಳಿಗೆ ಪಟಪಟ ಹಾರುತ್ತಿತ್ತು. ಕುರಿಗಳು ಬಂದವು, ನಿಂತವು. ನಾನು ಹೇಳಲಿಲ್ಲವೇ ಎಂಬ ಗತ್ತಿನಲ್ಲಿ ಅವರು ಪೆನ್ನು ತೆಗೆದರೆ, ಅದು ಕೈಜಾರಿ ಗೋಡೆಯ ಬುಡಕ್ಕೆ ಉರುಳಿತು. ಕುಕ್ಕರುಗಾಲಲ್ಲಿ ಕೂತು ತಡಕಾಡುವಾಗ ಗೋಡೆಯಾಚೆ ಗೊರಸುಗಳು ಟಕಟಕ ಸಾಗಿಹೋದವು. ಎದ್ದರು. ಹಿಂದಿನ ಕುರಿಗಳು ನಿಂತೇಬಿಟ್ಟವು.

ನೆಲ ತೊಳೆಯುವ ಅಕ್ಕ ಪೊರಕೆ ನಿಲ್ಲಿಸಿದಳು. “ಡಾಕ್ಟ್ರೇ, ನೀವು ಕೂತ್ರೆ ಹೋಗ್ತವೆ, ಎದ್ರೆ ನಿಲ್ತವೆ. ಬೇಕಾದ್ರೆ ಇನ್ನೊಂದ್ಸಲ ಕೂತು ನೋಡಿ.”

ಕೂತರು. ಹೋದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ನೆಲವನ್ನು ಬಿಟ್ಟು ಅಜ್ಜನನ್ನೇ ಡೊಂಕು ಅಂದಿದ್ದರು. ಇಡೀ ಕಸಾಯಿಖಾನೆಯಲ್ಲಿ ಕುರಿಗಳು ಹೆದರುತ್ತಿದ್ದುದು ಚಾಕು ಹಿಡಿದವರಿಗಲ್ಲ, ದಯೆಯ ಪಾಠ ಹೇಳುವವರಿಗೆ. ಡಾಕ್ಟರ ಕಿವಿ ಬಿಸಿಯಾಯಿತು. ಹೇಗೂ ಬರೆಯುವವನು ನಾನೇ, ಮುಚ್ಚಿಹಾಕಿದರೆ ಕೇಳುವವರಾರು ಎಂಬ ಯೋಚನೆಯೂ ಬಂತು, ಬರಲಿಲ್ಲ ಎಂದರೆ ಸುಳ್ಳು.

“ಅಜ್ಜ, ನಿಮಗೆ ಇದು ಗೊತ್ತಿತ್ತಾ?”

“ಮೊದಲನೇ ದಿನಾನೇ ಗೊತ್ತಾಯ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ? ನಿಮ್ಮ ಕೆಲಸ ಹೋಗ್ತಿತ್ತಲ್ಲ?”

ಅಜ್ಜ ಒಂದು ಕುರಿಯ ಬೆನ್ನು ಸವರಿದ. “ಹೊಸ ಜಾಗ, ಮೊದಲ ನೌಕರಿ. ಭಾಷಣ ಮಾಡುವಾಗ ನೀವು ಕಾಗದದಿಂದ ಕಣ್ಣೇ ಎತ್ತಿರ್ಲಿಲ್ಲ. ಬೆದರಿದವರನ್ನ ಎಲ್ಲರೆದುರು ಗದರಿಸಿದ್ರೆ ಇನ್ನೂ ಬೆದರ್ತಾರೆ. ದಾರಿ ತಾವಾಗೇ ಕಾಣೋವರೆಗೂ ಕಾಯ್ಬೇಕು ಅಂತ ಸುಮ್ನಿದ್ದೆ.”

ಡಾಕ್ಟರಿಗೆ ಅಳು ಬಂದಂತಾಯಿತು, ನಾಚಿಕೆಯೂ ಆಯಿತು. ‘ಕಾರಣ: ಎದುರಿಗೆ ನಿಂತ ಡಾಕ್ಟರು. ಹಿಂದಿನ ಎರಡು ಸಲವೂ ಇದೇ’ ಎಂದು ಬರೆದು ಸಹಿ ಹಾಕಿದರು. ಅಷ್ಟಾದ ಮೇಲೂ ಕುರಿಗಳ ಕಣ್ಣೆದುರೇ ನಿಂತಿದ್ದರು.

ಅಜ್ಜ ಅವರ ಮೊಣಕೈಗೆ ಮೆಲ್ಲಗೆ ಎರಡು ಬೆರಳು ಮುಟ್ಟಿಸಿದ. “ಹೀಗೆ ಬನ್ನಿ, ಈ ಕಡೆ. ನಿಧಾನ.”

ಡಾಕ್ಟರು ತಲೆ ತಗ್ಗಿಸಿ, ಅವನು ನಡೆಸಿದಲ್ಲಿಗೆ ನಡೆದರು.