ಕೊನೆಗೆ ಸೇರಿದ ಸಾಲು

ರಾಜಕೀಯಕ್ಕೆ ಬರುವ ಮೊದಲು ಆಕೆ ಟೆಲಿಫೋನ್ ಆಪರೇಟರ್ ಆಗಿದ್ದಳು. ಸಂಸದೆಯಾದ ಮೇಲೂ ಜನ ಫೋನಕ್ಕ ಎಂದೇ ಕರೆಯುತ್ತಿದ್ದರು. ಆಕೆಯೂ ತಂಗಿಯೂ ಒಂದೇ ಎಕ್ಸ್‌ಚೇಂಜಿನಲ್ಲಿ ಅಕ್ಕಪಕ್ಕ ಕೂತು ದುಡಿದವರು. ಲೈನು ಕೂಡಿಸಿದ ಮೇಲೂ ಜನರ ಮಾತಿಗೆ ಕಿವಿಯಿಟ್ಟು ಕೂರುವವರು ಅಲ್ಲಿ ಬೇಕಾದಷ್ಟಿದ್ದರು. ಇವರಿಬ್ಬರಿಗೆ ಮಾತ್ರ ಅದು ಹೇಸಿಗೆ. ಹಾಗಾಗಿ, ಇಂಟರ್‌ನೆಟ್ಟಿನಲ್ಲಿ ಜನರ ಮಾತನ್ನು ಯಾರೂ ಕದ್ದು ಓದಬಾರದೆಂಬ ಮಸೂದೆಯ ಸಮಿತಿಗೆ ಪಕ್ಷ ತನ್ನನ್ನು ಅಧ್ಯಕ್ಷೆಯನ್ನಾಗಿ ಮಾಡಿದಾಗ ಆಕೆ ಆ ಕೆಲಸವನ್ನು ತಲೆ ಮೇಲೆ ಹೊತ್ತುಕೊಂಡಳು.

ಇಂಟರ್‌ನೆಟ್ ಕಂಪನಿಯವರು ಬಂದು ನಯವಾಗಿ ಹೆದರಿಸಿ ಹೋದರು. ವಕೀಲರು ಒಂದು ಅಲ್ಪವಿರಾಮಕ್ಕಾಗಿ ಮಧ್ಯಾಹ್ನವಿಡೀ ಜಗ್ಗಾಡಿದರು. ಏಸಿ ಕೆಟ್ಟ ಕೋಣೆಯಲ್ಲಿ ಸದಸ್ಯರು ಕರಡಿನ ಹಾಳೆಗಳಿಂದಲೇ ಗಾಳಿ ಬೀಸಿಕೊಂಡರು. ಅಂತೂ ಇಂತೂ, ನ್ಯಾಯಾಧೀಶರ ಅಪ್ಪಣೆಯಿಲ್ಲದೆ ಯಾರ ಸಂದೇಶವನ್ನೂ ತೆರೆಯುವಂತಿಲ್ಲ ಎಂಬ ಕಲಮು ಸಿದ್ಧವಾಯಿತು.

ಮಸೂದೆ ಸದನಕ್ಕೆ ಬರುವ ದಿನ ಬೆಳಿಗ್ಗೆ ನೋಡಿದರೆ, ಅಚ್ಚಾದ ಪ್ರತಿಯಲ್ಲಿ ಆ ಕಲಮಿಗೆ ಹೊಸ ಬಾಲ ಅಂಟಿತ್ತು: ಸರ್ಕಾರಕ್ಕೆ ಅಗತ್ಯ ಕಂಡಲ್ಲಿ ಇದು ಅನ್ವಯಿಸದು.

ಆಕೆ ನೇರ ಮಸೂದೆ ಮಂಡಿಸಲಿದ್ದ ಮಂತ್ರಿಯ ಕೊಠಡಿಗೆ ನುಗ್ಗಿದಳು. ಮಂತ್ರಿ ಎದ್ದು ಕುರ್ಚಿ ಎಳೆದುಕೊಟ್ಟ.

"ಅಕ್ಕಾ, ಅಡುಗೆಯೆಲ್ಲ ನಿಮ್ಮದೇ. ನಾವು ಒಂಚೂರು ಉಪ್ಪು ಹಾಕಿದೀವಿ, ಅಷ್ಟೆ."

"ಉಪ್ಪಲ್ಲಪ್ಪ, ಒಂದು ಕೊಡ ನೀರು ಸುರಿದಿದೀರಿ."

ಮಂತ್ರಿ ನಕ್ಕ. ವಿರುದ್ಧ ಮತ ಹಾಕಿದರೆ ಪಕ್ಷವೂ ಇಲ್ಲ, ಸದಸ್ಯತ್ವವೂ ಇಲ್ಲ. ಒಳಗಿದ್ದರೆ ಮುಂದೆ ನಿಯಮ ಬರೆಯುವಾಗ ಆ ಸಾಲಿನ ಹಲ್ಲು ಕೀಳಬಹುದು ಎಂದು ಮೆತ್ತಗೆ ತಿಳಿಹೇಳಿದ. ಆಕೆ ನಂಬಿದಳು. ನಂಬದೆ ಬೇರೆ ದಾರಿ ಹುಡುಕುವ ಧೈರ್ಯವಾಗಲಿಲ್ಲ ಎಂದರೂ ಸರಿಯೇ. ಸದನದಲ್ಲಿ 'ಹೌದು' ಎಂದವರ ಗದ್ದಲದಲ್ಲಿ ಆಕೆಯ ದನಿಯೂ ಸೇರಿತು.

ನಿಯಮ ಬರೆಯಲು ಕರೆ ಬರಲೇ ಇಲ್ಲ. ಬರೆದಾಯಿತೆಂದು ಪತ್ರಿಕೆಯಲ್ಲಿ ಓದಿದಳು.

ಮುಂದೆ ಬಸ್ ಚಾಲಕರು ಮುಷ್ಕರ ಹೂಡಿದರು. ತಂಗಿಯ ಗಂಡ ಅವರ ಮುಂದಾಳು. ಪೊಲೀಸರು ಅವನನ್ನು ಠಾಣೆಯಲ್ಲಿ ಕೂರಿಸಿಕೊಂಡು, ಅವನ ಫೋನಿನ ಸಂದೇಶಗಳನ್ನು ಅವನಿಗೇ ಓದಿ ಹೇಳಿದರು. ಮುಷ್ಕರದ್ದಷ್ಟೇ ಅಲ್ಲ, ಗಂಡಹೆಂಡಿರ ಮುನಿಸು, ಸರಸ ಎಲ್ಲ. ಕೆಲಸವೂ ಹೋಯಿತು. ಫೋನಕ್ಕ ಮಂತ್ರಿಗೆ ಫೋನ್ ಮಾಡಿದರೆ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂಬ ಉತ್ತರ ಬಂತು.

ತಂಗಿಯ ಮನೆಗೆ ಹೋದಳು. ತಂಗಿ ಚಹಾ ಕೊಟ್ಟಳು, ಜಗಳವಾಡಲಿಲ್ಲ.

"ಆ ಸಾಲು ಸೇರಿಸಿದ್ದು ನಿಂಗೆ ಗೊತ್ತಿತ್ತಾ ಅಕ್ಕಾ?"

"ಗೊತ್ತಿತ್ತು ಕಣೆ. ಆಮೇಲೆ ತಿದ್ದಬಹುದು ಅಂದ್ಕೊಂಡೆ."

ತಂಗಿಯ ಗಂಡ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. "ಓದಿದ ಪೊಲೀಸಿನವನು ನಗಲೂ ಇಲ್ಲ ಅತ್ತಿಗೆ," ಎಂದ. "ರೇಷನ್ ಚೀಟಿ ಓದಿದ ಹಾಗೆ ಓದಿದ."

ಮುಂದಿನ ಚುನಾವಣೆಗೆ ಪಕ್ಷ ಆಕೆಗೇ ಟಿಕೆಟ್ ಕೊಟ್ಟಿತು. 'ಜನರ ಗುಟ್ಟು ಕಾಯ್ದ ತಾಯಿ' ಎಂದು ಗೋಡೆಗೋಡೆಗೂ ಪೋಸ್ಟರ್ ಹಚ್ಚಿದರು. ಆಕೆ ಬೇಡವೆನ್ನಲಿಲ್ಲ. ಮತ ಕೇಳುತ್ತ ತಂಗಿಯ ಬಾಗಿಲು ತಟ್ಟಿದಾಗ ಗುರುತಿಲ್ಲದ ಹೆಂಗಸೊಬ್ಬಳು ತೆರೆದಳು. ಹಿಂದಿದ್ದವರು ಮನೆ ಬಿಟ್ಟು ಬಹಳ ದಿನವಾಯಿತು, ಎಲ್ಲಿಗೆ ಹೋದರೋ ತಿಳಿಯದು ಎಂದಳು. ಫೋನಕ್ಕ ಕೈಮುಗಿದು, ಅವಳ ಮತ ಕೇಳಿ, ಪಕ್ಕದ ಮನೆಗೆ ನಡೆದಳು.