ಸಾವಿನ ಮನೆಗೆ ಕಾವಲು

ಮುಂಬಾಗಿಲಿಗೆ ಗಟ್ಟಿ ಬೀಗ ನಲವತ್ತೆರಡು ಡಾಲರ್. ಹಿಂಬಾಗಿಲಿಗೆ ಅಂಥದೇ ಇನ್ನೊಂದು. ನೆಲಮಾಳಿಗೆಯ ಕಿಟಕಿಗೆ ಕಬ್ಬಿಣದ ಸರಳು ನೂರಿಪ್ಪತ್ತು. ಕರೆಗಂಟೆಯ ಕ್ಯಾಮೆರಾ ತೊಂಬತ್ತು, ಅದಕ್ಕೆ ತಿಂಗಳ ಬಾಡಿಗೆ ಬೇರೆ. ಇಷ್ಟನ್ನೂ ಹಾಕಿಸಿದ ಮೇಲೂ, ಸಾವಾದ ಮನೆಯನ್ನು ಕಾಯಲು ಒಬ್ಬ ಮನುಷ್ಯ ಬೇಕೇ ಬೇಕು ಎನ್ನುವುದು ವಾಂಡಾ ಕೋಸಿಕ್‌ಳ ಅನುಭವ. ಅದಕ್ಕೆ ಖರ್ಚು ಎರಡು ಲೋಟ ಕಾಫಿ.

ಕಾರಣ ಸರಳ. ಯಾರಾದರೂ ಸತ್ತರೆ ಪತ್ರಿಕೆಯಲ್ಲಿ ಹಾಕಿಸಬೇಕು. ಹೆಸರು, ಬೀದಿ, ಇಗರ್ಜಿ, ಗುರುವಾರ ಬೆಳಿಗ್ಗೆ ಹತ್ತು ಗಂಟೆ. ನೆಂಟರಿಗೆಂದು ಹಾಕಿಸಿದ್ದನ್ನು ಕಳ್ಳರೂ ಓದುತ್ತಾರೆ. ಮೂವತ್ತು ವರ್ಷದ ಹಿಂದೆ ಹಿಕರಿ ಬೀದಿಯ ಡೂಡೆಕ್ ಮನೆಯವರು ತಾಯಿಯನ್ನು ಮಣ್ಣು ಮಾಡಿ ಬರುವಷ್ಟರಲ್ಲಿ ಬೆಳ್ಳಿ ಚಮಚದಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಎಲ್ಲ ಹೋಗಿತ್ತು. ಅಂದಿನಿಂದ ಆ ಬೀದಿಯಲ್ಲಿ ಯಾರದೇ ಸಾವಾಗಲಿ, ಒಬ್ಬರು ಮನೆಯಲ್ಲಿ ಉಳಿಯುತ್ತಾರೆ. ಅಕ್ಕಪಕ್ಕದವರು ತಂದುಕೊಡುವ ಅಡುಗೆಯನ್ನು ತೆಗೆದುಕೊಂಡು, ಪಾತ್ರೆ ಯಾರದೆಂದು ತಳಕ್ಕೆ ಕಾಗದದ ಟೇಪು ಅಂಟಿಸಿ ಬರೆದು, ಜನ ವಾಪಸು ಬರುವ ಹೊತ್ತಿಗೆ ಎಲ್ಲ ಬಿಸಿ ಮಾಡಿಡುತ್ತಾರೆ.

ಹಾಗೆ ಉಳಿದವಳು ಹೆಚ್ಚಾಗಿ ವಾಂಡಾ. ಹತ್ತೊಂಬತ್ತು ಮನೆ ಕಾದಿದ್ದಳು. ಅವಳ ಗಂಡ ತೀರಿಕೊಂಡಾಗ ಮಾತ್ರ ಅವಳ ಮನೆ ಕಾದವಳು ಲೊರೇನ್. ಶಾಲೆಯ ಅಡುಗೆಮನೆಯಲ್ಲಿ ಇಬ್ಬರೂ ಇಪ್ಪತ್ತೇಳು ವರ್ಷ ಒಟ್ಟಿಗೆ ದುಡಿದಿದ್ದರು.

ಈಗ ಲೊರೇನ್ ಹೋಗಿದ್ದಳು. ಆಸ್ಪತ್ರೆಯಲ್ಲಿ ಕೊನೆಯ ವಾರ ವಾಂಡಾಳ ಕೈ ಹಿಡಿದು ಹೇಳಿದ್ದಳು: "ನನ್ನ ಸರದಿಗೆ ನೀನು ಇಗರ್ಜಿಗೆ ಬರ್ಬೇಕು ಕಣೇ. ಅಡುಗೆಮನೇಲಿ ಕೂತು ಅತ್ರೆ ನಂಗೆ ಹೇಗೆ ಗೊತ್ತಾಗುತ್ತೆ?"

"ಬರ್ತೀನಿ, ಸುಮ್ನಿರು," ಎಂದಿದ್ದಳು ವಾಂಡಾ.

ಬುಧವಾರ ಲೊರೇನಳ ಮಗಳು ಡೆನಿಸ್ ಬೀಗದ ಕೈ ತಂದುಕೊಟ್ಟಳು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. "ವಾಂಡಾ ಆಂಟಿ, ನೀವಿರ್ತೀರಲ್ಲ, ನಂಗೆ ಅದೊಂದೇ ಸಮಾಧಾನ. ಅಮ್ಮನ ಉಂಗುರ ಇನ್ನೂ ಡ್ರಾಯರ್‌ನಲ್ಲೇ ಇದೆ, ಮುಟ್ಟೋಕೆ ಮನಸ್ಸಾಗ್ಲಿಲ್ಲ."

ಆ ಮುಖ ನೋಡಿ, ತಾನು ಇಗರ್ಜಿಗೆ ಹೋಗುವವಳೆಂದು ವಾಂಡಾಳಿಗೆ ಹೇಳಲಾಗಲಿಲ್ಲ. ಬೀಗದ ಕೈ ಇಸಿದುಕೊಂಡಳು.

ಬೀದಿಯಲ್ಲಿ ಉಳಿದವರೆಲ್ಲ ಇಗರ್ಜಿಗೆ ಹೋಗುವವರು, ಇಲ್ಲವೇ ಕೆಲಸಕ್ಕೆ. ಹಗಲು ಮನೆಯಲ್ಲಿರುವವನು ಒಬ್ಬನೇ: ಎದುರು ಮನೆಯ ಮಹಡಿಯ ಬಾಡಿಗೆದಾರ ಲೈಲ್ ಬಾಗ್ಸ್, ಬೇಕರಿಯಲ್ಲಿ ರಾತ್ರಿ ಪಾಳಿಯವನು. ವಯಸ್ಸು ಐವತ್ತೆರಡು. ಅದರಲ್ಲಿ ಆರು ವರ್ಷ ಮನೆಗಳ್ಳತನಕ್ಕೆ ಜೈಲಿನಲ್ಲಿ ಕಳೆದದ್ದು ಬೀದಿಗೆಲ್ಲ ಗೊತ್ತಿತ್ತು.

ವಾಂಡಾ ರಸ್ತೆ ದಾಟಿದಳು. ಲೈಲ್ ಮೆಟ್ಟಿಲ ಮೇಲೆ ಕೂತು ಬೂಟಿನ ಹಿಟ್ಟು ಒರೆಸುತ್ತಿದ್ದ.

"ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಸಾವಿನ ಮನೆಗೆ ಯಾವತ್ತಾದ್ರೂ ನುಗ್ಗಿದ್ದೀಯಾ?"

ಅವನು ಬೂಟು ಕೆಳಗಿಟ್ಟ. "ಒಂದ್ಸಲ. ಮೇಜಿನ ಮೇಲೆ ಯಾರೋ ತಂದಿಟ್ಟ ಹಣ್ಣಿನ ಪೈ ಇತ್ತು ಮಿಸೆಸ್ ಕೋಸಿಕ್. ಅದನ್ನ ನೋಡಿ ಮನಸ್ಸು ಕರಗಿ ಬರಿಗೈಲಿ ವಾಪಸ್ ಬಂದೆ ಅಂದ್ರೆ ನಂಬ್ತೀರಾ?"

"ಇಲ್ಲ."

"ಬರಿಗೈಲಿ ಬರ್ಲಿಲ್ಲ. ಟಿ.ವಿ. ಹೊತ್ಕೊಂಡು ಬಂದೆ. ಪೈನೂ ತಿಂದೆ."

ವಾಂಡಾಳಿಗೆ ನಗು ಬಂತು. ಸುಳ್ಳು ಹೇಳಲು ಅವನಿಗೆ ಒಳ್ಳೆಯ ಅವಕಾಶವಿತ್ತು. ಹೇಳಲಿಲ್ಲ.

"ಕ್ಯಾಮೆರಾ ಇದ್ರೆ ಹೆದರ್ತಿದ್ಯಾ?"

"ಟೋಪಿ ಹಾಕ್ಕೊಂಡು ಹೋದ್ರಾಯ್ತಲ್ಲ. ಒಳಗೆ ಅಡುಗೆ ವಾಸನೆ ಬಂದ್ರೆ ಮಾತ್ರ ಹತ್ರಾನೂ ಹೋಗ್ತಿರ್ಲಿಲ್ಲ."

ಅವಳು ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದಳು. "ಲೊರೇನ್ ಮನೆ ಕಾಯೋಕೆ ನಾಳೆ ಒಂಬತ್ತೂವರೆಗೆ ಬಾ. ನನ್ನ ಕಾರು ಅವಳ ಅಂಗಳದಲ್ಲೇ ನಿಂತಿರ್ಲಿ, ಜನ ಇದ್ದ ಹಾಗೆ ಕಾಣುತ್ತೆ. ಪಾತ್ರೆಗೆ ಹೆಸರು ಬರೀಬೇಕು, ಮರೀಬೇಡ."

"ಯೋಚ್ನೆ ಮಾಡಿ ಕೊಡ್ತಿದ್ದೀರಾ?"

"ಯೋಚ್ನೆ ಮಾಡಿದ್ರೆ ಕೊಡ್ತಿರ್ಲಿಲ್ಲ ಮಾರಾಯಾ, ಹಿಡ್ಕೋ."

ಗುರುವಾರ ಇಗರ್ಜಿಯ ಬಾಗಿಲಲ್ಲಿ ಅವಳನ್ನು ಕಂಡು ಡೆನಿಸ್ ಬೆಚ್ಚಿದಳು. "ಆಂಟಿ! ಮನೇಲಿ ಯಾರಿದ್ದಾರೆ?"

"ಲೈಲ್."

"ಆ ಕಳ್ಳ?"

"ಅವನೇ. ನಿಮ್ಮಮ್ಮಂಗೆ ಬರ್ತೀನಿ ಅಂತ ಮಾತು ಕೊಟ್ಟಿದ್ದೆ. ನಿನ್ನೆ ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ. ತಪ್ಪು ನಂದೇ. ಏನಾದ್ರೂ ಹೋದ್ರೆ ನನ್ನನ್ನ ಕೇಳು."

ಅಷ್ಟರಲ್ಲಿ ಗಂಟೆ ಹೊಡೆಯಿತು. ಡೆನಿಸ್ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಪೂಜೆಯುದ್ದಕ್ಕೂ ವಾಂಡಾ ಒಮ್ಮೆ ಗೆಳತಿಯನ್ನು ನೆನೆದಳು, ಒಮ್ಮೆ ಆ ಡ್ರಾಯರನ್ನು. ಕೊನೆಗೆ ಶವಪೆಟ್ಟಿಗೆ ಅವಳ ಸಾಲಿನ ಪಕ್ಕ ಬಂದಾಗ ಕೈಚಾಚಿ ಅದರ ಮೇಲಿಟ್ಟಳು. ಮರ ತಣ್ಣಗಿತ್ತು. "ಬಂದಿದ್ದೀನಿ ಕಣೇ," ಎಂದಳು. ಆಗ ಡ್ರಾಯರ್ ನೆನಪಿಗೆ ಬರಲಿಲ್ಲ.

ಸ್ಮಶಾನದಿಂದ ಹೊರಡುವಾಗ ಡೆನಿಸ್ ಹತ್ತಿರ ಬಂದು ಫೋನ್ ಮುಂದೆ ಹಿಡಿದಳು. ಮನೆಯ ಕರೆಗಂಟೆಯ ಕ್ಯಾಮೆರಾ ಹಿಡಿದ ವಿಡಿಯೊ. ಹತ್ತೂಕಾಲು ಗಂಟೆಗೆ ಟೋಪಿ ಹಾಕಿದ ಒಬ್ಬ ಗಂಟೆ ಒತ್ತಿ ಅತ್ತಿತ್ತ ನೋಡುತ್ತಾನೆ. ಬಾಗಿಲು ತೆರೆಯುತ್ತದೆ. ಲೊರೇನಳ ಹೂವಿನ ಏಪ್ರನ್ ಕಟ್ಟಿಕೊಂಡ ಲೈಲ್, ಕೈಯಲ್ಲಿ ಸೌಟು.

"ಸೂರಿನ ಮಳೆನೀರಿನ ದೋಣಿ ಕ್ಲೀನ್ ಮಾಡಿಸ್ತೀರಾ ಅಂತ ಕೇಳೋಕೆ ಬಂದೆ..."

"ಏಣಿ ಎಲ್ಲಪ್ಪಾ?"

ಟೋಪಿಯವನು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ.

"ಪತ್ರಿಕೆ ಓದ್ಕೊಂಡು ಬಂದ್ಯಾ? ನಾನೂ ಹಾಗೇ ಬರ್ತಿದ್ದೆ. ಬಾ, ಕಾಫಿ ಕುಡ್ಕೊಂಡು ಹೋಗು."

ಆಗಂತುಕ ಮೆಟ್ಟಿಲಿಳಿದು ಓಡಿಯೇ ಬಿಟ್ಟ.

ಮನೆಗೆ ಬಂದಾಗ ಎಲೆಕೋಸಿನ ಸುರುಳಿ ಬಿಸಿಯಾಗಿತ್ತು, ಕಾಫಿ ಕುದಿಯುತ್ತಿತ್ತು. ಹದಿನಾಲ್ಕು ಪಾತ್ರೆಯ ತಳದಲ್ಲೂ ದಪ್ಪಕ್ಷರದಲ್ಲಿ ಹೆಸರಿತ್ತು. ಡೆನಿಸ್ ಮೊದಲು ಮಲಗುವ ಕೋಣೆಗೆ ಹೋಗಿ ಡ್ರಾಯರ್ ಎಳೆದು ನೋಡಿದಳು. ಲೈಲ್ ಅದನ್ನು ಕಂಡೂ ಬೇಸರಪಡಲಿಲ್ಲ. "ನೋಡ್ಲಿ ಬಿಡಿ," ಎಂದು ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿದ.

ಡೆನಿಸ್ ಉಂಗುರ ಹಾಕಿಕೊಂಡೇ ಹೊರಗೆ ಬಂದಳು. ಅವನ ತಟ್ಟೆಗೆ ತಾನೇ ಬಡಿಸಿದಳು. ಆದರೂ ಮರುವಾರ ಬೀಗ ಬದಲಾಯಿಸಿದಳು.

ಆ ದಿನ ಮನೆಯಿಂದ ಹೋದದ್ದು ಚೆರ್ರಿ ಪೈನ ಒಂದು ತುಂಡು. ತಾನೇ ತಿಂದೆನೆಂದು ಲೈಲ್ ಹೇಳಿದ. ಹೊಸ ಬೀಗಕ್ಕೆ ನಲವತ್ತೆರಡು ಡಾಲರ್ ಆಯಿತು. ವಾಂಡಾ ಕೊಟ್ಟ ಮಾತು ಉಳಿಯಿತು.